ಮನೆ ಕಾವಲಿನ ರಿವಾಲ್ವರ್: ತೋಟಾ ಆರಿಸುವ ಮೊದಲು ಗೋಡೆ ನೋಡಿರಿ

ತೊಗರಿ ರಾಶಿಯ ದಿನಗಳು ಬಂದವೆಂದರೆ ನಮ್ಮ ಸೇಡಂ, ಚಿತ್ತಾಪುರ, ಚಿಂಚೋಳಿ ಭಾಗದ ರೈತನಿಗೆ ಎರಡು ಚಿಂತೆ. ಒಂದು ಧಾರಣೆಯದು, ಇನ್ನೊಂದು ಕಾವಲಿನದು. ಮಾಲು ಮಾರಿದ ಹಣ, ಮಾರದೆ ಉಳಿದ ಚೀಲ, ಮಗಳ ಮದುವೆಗೆಂದು ಕೂಡಿಟ್ಟ ಬಂಗಾರ ಎಲ್ಲವೂ ಒಂದೇ ಸೂರಿನ ಕೆಳಗೆ ಇರುವ ಕಾಲವಿದು. ಹೊಲದ ಮನೆಯಲ್ಲಿ ಒಂಟಿಯಾಗಿರುವ ಕುಟುಂಬಗಳಿಗಂತೂ ರಾತ್ರಿಯ ನಿದ್ದೆ ಹಗುರ. ನಾಲವಾರ, ವಾಡಿ, ಶಹಾಬಾದ ಸುತ್ತಿನ ಹಳ್ಳಿಗಳಲ್ಲಿ ಪರವಾನಗಿ ಪಡೆದ ರಿವಾಲ್ವರೋ ಜೋಡುನಳಿಗೆ ಬಂದೂಕೋ ಇರುವ ಮನೆಗಳೂ ಉಂಟು. ಅಂಥ ಮನೆಯ ಯಜಮಾನರು ಸಾಮಾನ್ಯವಾಗಿ ಕೇಳುವ ಪ್ರಶ್ನೆ, ಮನೆ ಕಾಯಲು ಯಾವ ತೋಟಾ ಒಳ್ಳೆಯದು, ಜೋರಾಗಿ ಹೊಡೆಯುವುದು ಯಾವುದು ಎಂಬುದು.

ಕೃಷಿ ಪುಟದಲ್ಲಿ ಬಂದೂಕಿನ ಮಾತೇಕೆ ಎಂದು ಕೆಲವರಿಗೆ ಅನಿಸಬಹುದು. ಕೀಟನಾಶಕದ ಬಾಟಲಿಯ ಮೇಲಿನ ಚೀಟಿ ಓದಿರಿ, ಅಳತೆ ಮೀರಬೇಡಿರಿ, ಮಕ್ಕಳಿಗೆ ಸಿಗದಂತೆ ಇಡಿರಿ ಎಂದು ವಿಸ್ತರಣಾಧಿಕಾರಿಗಳು ಹೇಳುತ್ತಲೇ ಬಂದಿದ್ದೇವೆ. ರೈತನ ಮನೆಯಲ್ಲಿರುವ ತೋಟಾಕ್ಕೂ ಅದೇ ಶಿಸ್ತು ಬೇಕು. ಜೋರಾದ ಔಷಧಿಯೇ ಒಳ್ಳೆಯ ಔಷಧಿ ಎಂಬ ತಪ್ಪು ತಿಳಿವಳಿಕೆ ಬೆಳೆಗೆ ಎಷ್ಟು ಹಾನಿ ಮಾಡಿದೆಯೋ, ಜೋರಾದ ಗುಂಡೇ ಒಳ್ಳೆಯ ಗುಂಡು ಎಂಬ ತಿಳಿವಳಿಕೆ ಮನೆಮಂದಿಗೆ ಅದಕ್ಕಿಂತ ಹೆಚ್ಚಿನ ಹಾನಿ ಮಾಡಬಲ್ಲದು.

ಮೊದಲು ಪರವಾನಗಿ ಓದಿರಿ

1959ರ ಆಯುಧ ಕಾಯ್ದೆಯ ಪ್ರಕಾರ ಬಂದೂಕಿಗಷ್ಟೇ ಅಲ್ಲ, ತೋಟಾಕ್ಕೂ ಪರವಾನಗಿ ಬೇಕು. ಪರವಾನಗಿ ಇಲ್ಲದೆ ಮನೆಯಲ್ಲಿ ನಾಲ್ಕು ತೋಟಾ ಇದ್ದರೂ ಅದು ಅಪರಾಧ. ಪರವಾನಗಿ ಪುಸ್ತಕದಲ್ಲಿ ಯಾವ ಜಾತಿಯ ಆಯುಧ, ಯಾವ ಬೋರು, ಒಂದು ಸಲಕ್ಕೆ ಎಷ್ಟು ತೋಟಾ, ವರ್ಷಕ್ಕೆ ಎಷ್ಟು ತೋಟಾ ಎಂಬುದೆಲ್ಲ ಬರೆದಿರುತ್ತದೆ. ಅಂಗಡಿಗೆ ಹೋಗುವ ಮೊದಲು ಅದನ್ನು ಓದಿರಿ; ಓದಲು ಬಾರದವರು ಓದಿಸಿ ಕೇಳಿರಿ. 2019ರ ತಿದ್ದುಪಡಿಯ ನಂತರ ಸಾಮಾನ್ಯ ಪರವಾನಗಿದಾರನು ಎರಡಕ್ಕಿಂತ ಹೆಚ್ಚು ಬಂದೂಕು ಇಟ್ಟುಕೊಳ್ಳುವಂತಿಲ್ಲ. ಹಿಂದೆ ಮೂರಕ್ಕೆ ಅವಕಾಶವಿತ್ತು. ಪರವಾನಗಿಯ ಅವಧಿ ಮೂರು ವರ್ಷದಿಂದ ಐದು ವರ್ಷಕ್ಕೆ ಏರಿದೆ. ಪರವಾನಗಿ ಇಲ್ಲದ ಬಂದೂಕು ಇಟ್ಟುಕೊಂಡವರಿಗೆ ಕನಿಷ್ಠ ಶಿಕ್ಷೆ ಎರಡು ವರ್ಷ, ಹೆಚ್ಚೆಂದರೆ ಐದು ವರ್ಷ.

ಇಲ್ಲಿ ಒಂದು ಭೇದವನ್ನು ತಿಳಿಯುವುದು ಅವಶ್ಯ. ಬೆಳೆ ರಕ್ಷಣೆಗೆಂದು ಕಾಯ್ದೆ ಹೇಳುವುದು ಬಾಯಿಯಿಂದ ಮದ್ದು ತುಂಬುವ ಬಂದೂಕನ್ನು. ಅದು ಸಾಲದೆಂದು ಅಧಿಕಾರಿಗಳಿಗೆ ಮನವರಿಕೆಯಾದರೆ ನುಣುಪು ನಳಿಗೆಯ ಬೇರೆ ಬಂದೂಕನ್ನು ಕೊಡಬಹುದು. ಆತ್ಮರಕ್ಷಣೆಗೆಂದು ಹೇಳುವುದು ಕನಿಷ್ಠ 20 ಇಂಚು ನಳಿಗೆಯ ನುಣುಪು ಬಂದೂಕನ್ನು. ರಿವಾಲ್ವರಿನ ಪರವಾನಗಿಗೆ ಅರ್ಜಿದಾರನು ತಕ್ಕ ಕಾರಣ ತೋರಿಸಬೇಕು. ಅದನ್ನು ಬೆಳೆ ಕಾಯಲು ಒಯ್ಯುವುದರಲ್ಲಿ ಅರ್ಥವಿಲ್ಲ. ಅದರ ಗುರಿ ಕೆಲವೇ ಮಾರು ದೂರದ್ದು.

ಕೊಡಗಿನವರಿಗೆ ಇರುವ ವಿನಾಯಿತಿ ನಮಗೇಕಿಲ್ಲ ಎಂದು ಕೇಳುವವರಿದ್ದಾರೆ. ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ವಿಶೇಷ ವಿನಾಯಿತಿ ಅದು. ಕೇಂದ್ರ ಸರಕಾರ ಅದನ್ನು 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟು ಎತ್ತಿಹಿಡಿಯಿತು. ನಮ್ಮ ಜಿಲ್ಲೆಗೆ ಅದು ಅನ್ವಯಿಸುವುದಿಲ್ಲ.

ಅಜ್ಜನ ಕಾಲದ ಬಂದೂಕು ಅಟ್ಟದ ಮೇಲಿದ್ದರೆ ಅದನ್ನು ಹಾಗೆಯೇ ಬಿಡಬೇಡಿರಿ. ಪರವಾನಗಿದಾರರು ತೀರಿಕೊಂಡರೆ ವಾರಸುದಾರರು ತಮ್ಮ ಹೆಸರಿಗೆ ಅರ್ಜಿ ಹಾಕಬೇಕು. ಪರವಾನಗಿದಾರರಿಗೆ 70 ವರ್ಷ ತುಂಬಿದ್ದರೆ ಅಥವಾ ಬಂದೂಕು 25 ವರ್ಷ ಅವರ ಬಳಿ ಇದ್ದರೆ, ಅವರು ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಮಾಡಿಸಲು 2016ರ ಆಯುಧ ನಿಯಮಗಳಲ್ಲಿ ದಾರಿಯಿದೆ.

ತೋಟಾ ಎಂದರೇನು?

ತೋಟಾದಲ್ಲಿ ನಾಲ್ಕು ಭಾಗ: ಹಿತ್ತಾಳೆಯ ಕೊಳವೆ, ಅದರ ಬುಡದಲ್ಲಿ ಕಿಡಿ ಕೊಡುವ ಕೇಪು, ಒಳಗೆ ಮದ್ದು, ಬಾಯಿಗೆ ಸೀಸದ ಗುಂಡು. ಕುದುರೆ ಎಳೆದಾಗ ಕೇಪು ಸಿಡಿದು, ಮದ್ದು ಉರಿದು, ಅದರ ಹೊಗೆಯ ಒತ್ತಡ ಗುಂಡನ್ನು ತಳ್ಳುತ್ತದೆ. ಆ ಒತ್ತಡವನ್ನು ತಡೆಯುವುದು ರಿವಾಲ್ವರಿನ ಉಕ್ಕು. ಆದ್ದರಿಂದ ಯಾವ ಬಂದೂಕಿಗೆ ಎಷ್ಟು ಒತ್ತಡದ ತೋಟಾ ಎಂಬುದನ್ನು ನಿರ್ಧರಿಸುವವನು ಅದನ್ನು ತಯಾರಿಸಿದವನೇ ಹೊರತು ನಾವಲ್ಲ, ಅಂಗಡಿಯವನೂ ಅಲ್ಲ.

ನಮ್ಮ ದೇಶದಲ್ಲಿ 9 ಮಿ.ಮೀ. ಮೊದಲಾದ ಸೈನ್ಯ, ಪೊಲೀಸರ ಬೋರುಗಳು ಜನಸಾಮಾನ್ಯರಿಗೆ ನಿಷೇಧಿತ. ಪರವಾನಗಿದಾರರ ಮನೆಯಲ್ಲಿ ಹೆಚ್ಚಾಗಿ ಕಾಣುವುದು .32 ಬೋರಿನ ಆರು ಮನೆಯ ರಿವಾಲ್ವರು. ಕಾನ್ಪುರದ ಸರಕಾರಿ ಕಾರ್ಖಾನೆಗಳಿಂದ ಬಂದದ್ದು ಬಹಳ. 2014ರಲ್ಲಿ ಮಹಿಳೆಯರಿಗೆಂದು ಹೆಸರು ಮಾಡಿದ ಹಗುರವಾದ 'ನಿರ್ಭೀಕ್' ಕೂಡ ಇದೇ ಬೋರಿನದು. ಇದಕ್ಕೆ ಹೊಂದುವ ತೋಟಾದ ಹೆಸರು .32 ಸ್ಮಿತ್ ಅಂಡ್ ವೆಸನ್ ಲಾಂಗ್. ಪುಣೆಯ ಬಳಿಯ ಖಡಕಿಯಲ್ಲಿ 1869ರಲ್ಲಿ ಆರಂಭವಾದ ಮದ್ದುಗುಂಡು ಕಾರ್ಖಾನೆಯ ತೋಟಾಗಳ ಬುಡದಲ್ಲಿ 'ಕೆ ಎಫ್' ಎಂಬ ಅಚ್ಚು ಕಾಣುವುದು.

'ಮೂವತ್ತೆರಡು' ಎಂದರೆ ಸಾಲದು

ಅಂಗಡಿಯಲ್ಲಿ '.32 ಕೊಡಿ' ಎಂದಷ್ಟೇ ಕೇಳುವುದು ತಪ್ಪು. ರಿವಾಲ್ವರಿನ .32 ತೋಟಾ ಬೇರೆ, 7.65 ಮಿ.ಮೀ. ಎಂದೂ ಕರೆಯುವ ಪಿಸ್ತೂಲಿನ .32 ತೋಟಾ ಬೇರೆ. ಎರಡಕ್ಕೂ ಹೆಸರಿನಲ್ಲಿ .32 ಇರುವುದರಿಂದ ಗೊಂದಲ. ಪಿಸ್ತೂಲಿನ ತೋಟಾ ಕೆಲವು ರಿವಾಲ್ವರುಗಳ ಮನೆಯೊಳಗೆ ಇಳಿದುಬಿಡಬಹುದು. ಇಳಿಯಿತೆಂದ ಮಾತ್ರಕ್ಕೆ ಹೊಂದಿತೆಂದಲ್ಲ. ಅದರ ಒತ್ತಡ ಹೆಚ್ಚು. ಹಳೆಯ ರಿವಾಲ್ವರಿಗೆ ಅಪಾಯ. ಜೋಳದ ಕೂರಿಗೆಯಲ್ಲಿ ಕಡಲೆ ಬೀಜವೂ ಇಳಿದೀತು, ಬಿತ್ತನೆ ಸರಿಯಾದೀತೆ? ನಳಿಗೆಯ ಮೇಲಿನ ಅಚ್ಚು, ತೋಟಾದ ಬುಡದ ಅಚ್ಚು, ಪೆಟ್ಟಿಗೆಯ ಮೇಲಿನ ಹೆಸರು, ಪರವಾನಗಿಯ ಬೋರು ಈ ನಾಲ್ಕೂ ಕೂಡಬೇಕು. ಒಂದು ತಪ್ಪಿದರೂ ತೋಟಾ ಹಿಂದಿರುಗಿಸಿರಿ.

ಜೋಡುನಳಿಗೆ ಬಂದೂಕಿನವರಿಗೂ ಇಂಥದೇ ಎಚ್ಚರಿಕೆ. 12 ಬೋರಿನಲ್ಲಿ ತೋಟಾದ ಉದ್ದ ಮುಖ್ಯ. ಹಳೆಯ ಬಂದೂಕುಗಳ ಮನೆ 65 ಮಿ.ಮೀ., ಅಂದರೆ ಎರಡೂವರೆ ಇಂಚು ಇರಬಹುದು. ಅದರಲ್ಲಿ 70 ಮಿ.ಮೀ. ತೋಟಾ ಕೂಡುತ್ತದೆ, ಬಂದೂಕು ಮುಚ್ಚಿಕೊಳ್ಳುತ್ತದೆ. ಆದರೆ ಹಾರಿಸಿದಾಗ ಮಡಿಚಿದ ಬಾಯಿ ಬಿಚ್ಚಿಕೊಳ್ಳಲು ಜಾಗವಿಲ್ಲದೆ ಒತ್ತಡ ಏರುತ್ತದೆ. ಹಳೆಯ ಕಾಲದ, ಹುರಿಗೊಳಿಸಿದ ಕಬ್ಬಿಣದ ನಳಿಗೆಗಳಿಗೆ ಇಂದಿನ ಮದ್ದು ಸಲ್ಲದು. ಅಂಥವುಗಳನ್ನು ಪರವಾನಗಿ ಇರುವ ಬಂದೂಕು ಮಿಸ್ತ್ರಿಗೆ ತೋರಿಸದೆ ಹಾರಿಸಲೇಬಾರದು.

ನಮ್ಮ ಮನೆಗಳೂ ಗುಂಡಿನ ದಾರಿಯೂ

ಈಗ ಮುಖ್ಯ ವಿಷಯಕ್ಕೆ ಬರೋಣ. ಗುಂಡು ಎಷ್ಟು ಜೋರಾಗಿ ಹೋಗುತ್ತದೆ ಎಂಬುದಕ್ಕಿಂತ ಎಲ್ಲಿ ಹೋಗಿ ನಿಲ್ಲುತ್ತದೆ ಎಂಬುದೇ ಮನೆಯೊಳಗೆ ಮೊದಲ ಪ್ರಶ್ನೆ.

.32 ರಿವಾಲ್ವರಿನ ಸಾಮಾನ್ಯ ಗುಂಡು 98 ಗ್ರೇನ್ ತೂಗುತ್ತದೆ, ಅಂದರೆ ಆರು ಗ್ರಾಂಗಿಂತ ತುಸು ಹೆಚ್ಚು. ಮೂತಿ ದುಂಡಗಿನದು, ವೇಗ ಶಬ್ದದ ವೇಗಕ್ಕಿಂತ ಕಡಿಮೆ. ಬೇರೆ ಬೋರುಗಳಿಗೆ ಹೋಲಿಸಿದರೆ ಇದು ಸೌಮ್ಯವಾದ ತೋಟಾ. ಹಾಗೆಂದು ಅಲಕ್ಷ್ಯ ಸಲ್ಲದು. ತಗಡಿನ ಬಾಗಿಲು, ತೆಳು ಹಲಗೆ, ಕಣಿಕೆಯ ತಟ್ಟಿ, ತೊಗರಿ ಕಟ್ಟಿಗೆಯ ಮರೆ ಇವು ಯಾವುವೂ ಅದನ್ನು ತಡೆಯುವ ವಸ್ತುಗಳಲ್ಲ. ತಟ್ಟಿಯ ಆಚೆ ಮಲಗಿದವರು ಯಾರು? ದನ ಕಟ್ಟಿದ್ದೆಲ್ಲಿ? ಪಕ್ಕದ ಮನೆಯ ಅಂಗಳ ಯಾವ ದಿಕ್ಕಿಗೆ? ಹಗಲಿನಲ್ಲಿಯೇ ನಿಂತು ನೋಡಿಕೊಂಡಿರಬೇಕು.

ನಮ್ಮ ಭಾಗಕ್ಕೆ ಇನ್ನೊಂದು ವಿಶೇಷವುಂಟು. ಇಲ್ಲಿ ನೆಲಕ್ಕೆ ಶಹಾಬಾದಿ ಫರಸಿ, ಗೋಡೆಗೆ ಕಲ್ಲು, ಅನೇಕ ಮನೆಗಳಲ್ಲಿ ಮಾಳಿಗೆಗೂ ಕಲ್ಲಿನ ಹಾಸು. ಮಣ್ಣಿನ ಗೋಡೆ ಗುಂಡನ್ನು ನುಂಗುತ್ತದೆ. ಕಲ್ಲು ನುಂಗುವುದಿಲ್ಲ. ನೇರವಾಗಿ ಬಡಿದರೆ ಸೀಸ ಚೂರಾಗಿ ಸಿಡಿಯುತ್ತದೆ. ಓರೆಯಾಗಿ ಬಡಿದರೆ ಗುಂಡು ದಾರಿ ಬದಲಿಸಿ ಗೋಡೆಯ ಗುಂಟ ಜಾರಿ ಹೋಗುತ್ತದೆ. ಹೆದರಿಸಲೆಂದು ನೆಲಕ್ಕೆ ಹಾರಿಸಿದ ಗುಂಡು ಫರಸಿಗೆ ಬಡಿದು ಪಡಸಾಲೆಯಲ್ಲಿ ಮಲಗಿದ ಮಗುವಿನ ಕಡೆಗೇ ತಿರುಗಬಹುದು. ಆದ್ದರಿಂದ ಕಲ್ಲಿನ ಮನೆಯೊಳಗೆ ಎಚ್ಚರಿಕೆಯ ಗುಂಡು ಎಂಬುದೇ ಇಲ್ಲವೆಂದು ತಿಳಿಯಿರಿ. ಆಕಾಶಕ್ಕೆ ಹಾರಿಸಿದ್ದೂ ಎಲ್ಲೋ ಒಂದು ಕಡೆ ಬೀಳಲೇಬೇಕು.

12 ಬೋರಿನ ಛರ್ರೆಯ ತೋಟಾ ಕೋಣೆಯ ತುಂಬ ಹರಡುತ್ತದೆ, ಗುರಿ ಬೇಕಿಲ್ಲ ಎಂಬುದೊಂದು ಭ್ರಮೆ. ಕೋಣೆಯ ಉದ್ದದಲ್ಲಿ ಅದು ಹರಡುವುದು ಅಂಗೈಯಗಲ ಮಾತ್ರ. ಎಲ್.ಜಿ., ಎಸ್.ಜಿ. ಎಂಬ ದಪ್ಪ ಗುಂಡುಗಳು ಬಾಗಿಲನ್ನೂ ದಾಟಿ ದೂರ ಹೋಗುತ್ತವೆ. ವಸತಿಯ ನಡುವೆ ಅವು ತಕ್ಕವಲ್ಲ. ಸಂಖ್ಯೆ ದೊಡ್ಡದಾದಂತೆ ಛರ್ರೆ ಸಣ್ಣದು. 4, 6ನೇ ನಂಬರಿನ ಸಣ್ಣ ಛರ್ರೆ ದೂರಕ್ಕೆ ಬೇಗ ಬಲ ಕಳೆದುಕೊಳ್ಳುತ್ತದೆ. ಒತ್ತೊತ್ತಾಗಿ ಮನೆಗಳಿರುವ ಓಣಿಯಲ್ಲಿ ನೆರೆಯವರಿಗೆ ಅಪಾಯ ಅಷ್ಟರಮಟ್ಟಿಗೆ ಕಡಿಮೆ. ಆದರೆ ಹತ್ತಿರದಿಂದ ಅದೂ ಪ್ರಾಣ ತೆಗೆಯುವಂಥದೇ.

ಹಾಗಾದರೆ ರಿವಾಲ್ವರಿಗೆ ಯಾವುದು? ನಮ್ಮ ಉತ್ತರ ಸರಳ. ತಯಾರಕರು ಹೇಳಿದ ಬೋರಿನ, ಕಾರ್ಖಾನೆಯ ಪೆಟ್ಟಿಗೆಯಲ್ಲಿರುವ, ದುಂಡು ಮೂತಿಯ ಸಾಮಾನ್ಯ ತೋಟಾ. ನಿಮ್ಮ ರಿವಾಲ್ವರಿನಲ್ಲಿ ತಪ್ಪದೆ ಸಿಡಿಯುವ, ನಿಮ್ಮ ಕೈಗೆ ಹೊಂದಿದ ತೋಟಾವೇ ಒಳ್ಳೆಯ ತೋಟಾ. ಗುಂಡಿನ ಮೂತಿಯನ್ನು ಅರದಿಂದ ಉಜ್ಜುವುದು, ಕೊಯ್ಯುವುದು, ಮದ್ದು ತೆಗೆದು ಮತ್ತೆ ತುಂಬುವುದು ಸರ್ವಥಾ ಕೂಡದು. ಗುಂಡು ನಳಿಗೆಯಲ್ಲಿಯೇ ಸಿಕ್ಕಿಬಿದ್ದರೆ ಮುಂದಿನ ಗುಂಡಿಗೆ ನಳಿಗೆಯೇ ಒಡೆದೀತು.

ಗೊಬ್ಬರದ ಪಕ್ಕ ತೋಟಾ ಇಡಬೇಡಿರಿ

ಬ್ರಿಟಿಷರ ಕಾಲದಲ್ಲಿ ಹಿಂದುಸ್ಥಾನದ ಸೈನ್ಯದ ತೋಟಾಗಳು ಮಳೆಗಾಲದಲ್ಲಿ ತಾವಾಗಿಯೇ ಬಿರುಕು ಬಿಡುತ್ತಿದ್ದವು. ಕಾರಣ ಬಹಳ ದಿನ ತಿಳಿದಿರಲಿಲ್ಲ. ಮಳೆಗಾಲಕ್ಕೆ ಅವನ್ನು ಕುದುರೆ ಲಾಯಗಳಲ್ಲಿ ಇಡುತ್ತಿದ್ದರು; ಮೂತ್ರದಿಂದ ಏಳುವ ಅಮೋನಿಯಾ ಹಿತ್ತಾಳೆಯನ್ನು ಸೀಳುತ್ತಿತ್ತು ಎಂಬುದು 1921ರಲ್ಲಿ ವಿಜ್ಞಾನಿಗಳ ಸಂಶೋಧನೆಯಿಂದ ಸ್ಪಷ್ಟವಾಯಿತು. ರೈತನಿಗೆ ಇದರ ಪಾಠ ನೇರವಾಗಿದೆ. ದನದ ಕೊಟ್ಟಿಗೆಗೆ ತಾಗಿದ ಕೋಣೆಯಲ್ಲಿ, ಯೂರಿಯಾ ಚೀಲದ ಪಕ್ಕದಲ್ಲಿ ತೋಟಾ ಇಡಬಾರದು. ಒಲೆಯ ಹತ್ತಿರ, ತಗಡಿನ ಕೆಳಗಿನ ಅಟ್ಟದಲ್ಲಿ, ಕೀಟನಾಶಕದೊಂದಿಗೂ ಬೇಡ. ತಂಪಾದ, ಒಣಗಿದ, ಬೀಗವಿರುವ ಉಕ್ಕಿನ ಪೆಟ್ಟಿಗೆ ಬೇಕು. ರಿವಾಲ್ವರ್ ಒಂದರಲ್ಲಿ, ತೋಟಾ ಬೇರೊಂದರಲ್ಲಿ, ಕೀಲಿ ಯಜಮಾನನ ಬಳಿ.

ತೋಟಾಗಳನ್ನು ವರ್ಷಕ್ಕೆ ಎರಡು ಸಲ, ಮಳೆಗಾಲದ ಮೊದಲು ಮತ್ತು ನಂತರ, ಹೊರತೆಗೆದು ನೋಡಿರಿ. ಹಸಿರು ಕಿಲುಬು, ಬಿರುಕು, ತಗ್ಗು, ಸಡಿಲಾದ ಗುಂಡು ಕಂಡರೆ ಅಂಥದನ್ನು ಬೇರ್ಪಡಿಸಿ ಪರವಾನಗಿ ಇರುವ ವ್ಯಾಪಾರಿಗೆ ಒಪ್ಪಿಸಿರಿ. ತಿಪ್ಪೆಗೆ ಎಸೆಯಬೇಡಿರಿ, ಒಲೆಗೆ ಹಾಕಬೇಡಿರಿ. ತೋಟಾಕ್ಕೆ ಎಣ್ಣೆ ಸವರುವ ರೂಢಿ ಕೆಲವರಲ್ಲಿದೆ. ಎಣ್ಣೆ ಕೇಪಿನೊಳಗೆ ಇಳಿದು ಬೇಕಾದಾಗ ಸಿಡಿಯದಂತೆ ಮಾಡುತ್ತದೆ. ಎಣ್ಣೆ ರಿವಾಲ್ವರಿಗೆ; ತೋಟಾಕ್ಕೆ ಒಣ ಬಟ್ಟೆ.

ಕುದುರೆ ಎಳೆದರೂ ಸಿಡಿಯದಿದ್ದರೆ ನಳಿಗೆಯನ್ನು ಸುರಕ್ಷಿತ ದಿಕ್ಕಿಗೇ ಹಿಡಿದು ಅರ್ಧ ನಿಮಿಷ ಕಾಯಿರಿ. ತಡವಾಗಿ ಸಿಡಿಯುವ ಸಂಭವವುಂಟು. ಸದ್ದು ಎಂದಿಗಿಂತ ಮಂದವಾಗಿದ್ದರೆ ಮತ್ತೆ ಹಾರಿಸದೆ ತೋಟಾ ತೆಗೆದು ನಳಿಗೆ ಪರೀಕ್ಷಿಸಿರಿ. ಇವೆಲ್ಲ ಕೈಗೆ ರೂಢಿಯಾಗಲು ಅಭ್ಯಾಸ ಬೇಕು. ಅದು ಅಧಿಕೃತ ಗುರಿ ಮೈದಾನದಲ್ಲಿಯೇ ಆಗಬೇಕು, ಹೊಲದ ಬದುವಿನಲ್ಲಿ ಅಲ್ಲ.

ಕಾನೂನಿನ ಮೇರೆ

ಆತ್ಮರಕ್ಷಣೆ ನಮ್ಮ ಹಕ್ಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಇದನ್ನು ಹೇಳುತ್ತವೆ. ಪ್ರಾಣಕ್ಕೆ ಅಪಾಯ, ದರೋಡೆ, ಸೂರ್ಯಾಸ್ತದ ನಂತರ ಸೂರ್ಯೋದಯದ ಮೊದಲು ಮನೆ ಮುರಿಯುವುದು, ವಾಸದ ಮನೆಗೆ ಬೆಂಕಿ ಇಡುವುದು ಇಂಥ ಗಂಭೀರ ಪ್ರಸಂಗಗಳಲ್ಲಿ ಈ ಹಕ್ಕು ದೂರದವರೆಗೆ ಹೋಗುತ್ತದೆ. ಆದರೆ ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡಬಾರದು. ಪೊಲೀಸರ ನೆರವು ಪಡೆಯಲು ಸಮಯವಿದ್ದಾಗ ಹಕ್ಕು ಹುಟ್ಟುವುದಿಲ್ಲ. ಹೊಲದಲ್ಲಿ ನಾಲ್ಕು ತೆನೆ ಮುರಿದವನ ಮೇಲೆ, ಓಡಿಹೋಗುತ್ತಿರುವ ಕಳ್ಳನ ಬೆನ್ನಿಗೆ ಗುಂಡು ಹಾರಿಸಿದವನು ತಾನೇ ಆರೋಪಿಯಾಗುತ್ತಾನೆ. ಮದುವೆ, ಮೆರವಣಿಗೆಯಲ್ಲಿ ಹರ್ಷಕ್ಕೆ ಹಾರಿಸಿ ಜನರ ಜೀವಕ್ಕೆ ಅಪಾಯ ತಂದರೆ 2019ರ ತಿದ್ದುಪಡಿಯಂತೆ ಎರಡು ವರ್ಷದವರೆಗೆ ಸಜೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ.

ಮನೆ ಕಾವಲಿನ ಆಯುಧವನ್ನು ಬೆಳೆ ತಿನ್ನುವ ಪ್ರಾಣಿಗಳ ಮೇಲೆ ತಿರುಗಿಸುವುದೂ ಅಪರಾಧವೇ. ಚಿಗರಿ, ನವಿಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಬೆಳೆ ಹಾನಿಯ ಕಾರಣಕ್ಕೆ ಅವನ್ನು ಕೊಲ್ಲಲು ಅನುಮತಿ ಸಿಗುವುದಿಲ್ಲ. ಕಾಡುಹಂದಿಯ ವಿಷಯದಲ್ಲಿಯೂ ಅರಣ್ಯ ಇಲಾಖೆಯ ಲಿಖಿತ ಅನುಮತಿ ಇಲ್ಲದೆ ಹಾರಿಸಕೂಡದು. ಚಿಂಚೋಳಿಯಲ್ಲಿ ವನ್ಯಜೀವಿ ಧಾಮವೇ ಇರುವುದರಿಂದ ಆ ಭಾಗದವರು ಇನ್ನೂ ಎಚ್ಚರವಾಗಿರಬೇಕು. ಹಂದಿಗೆಂದು ಇಟ್ಟ ನಾಡಮದ್ದಿನ ಉಂಡೆ ಕಚ್ಚಿ ಬಾಯಿ ಒಡೆದುಕೊಳ್ಳುವುದು ನಮ್ಮದೇ ಆಕಳು, ಎಮ್ಮೆ.

ರಿವಾಲ್ವರಿಗೆ ಮುಂಚಿನ ಕಾವಲು

ತೋಟಾದ ಪ್ರಶ್ನೆ ಏಳುವುದು ಎಲ್ಲ ಕಾವಲು ಸೋತ ಮೇಲೆ. ಆ ಕಾವಲನ್ನು ಗಟ್ಟಿ ಮಾಡಿದಷ್ಟೂ ಗುಂಡಿನ ಅಗತ್ಯ ದೂರವಾಗುತ್ತದೆ. ಬಾಗಿಲಿಗೆ ಒಳಗಿನಿಂದ ಗಟ್ಟಿ ಅಗಳಿ, ಅಂಗಳಕ್ಕೆ ದೀಪ, ಬೊಗಳುವ ನಾಯಿ, ನೆರೆಯವರೊಂದಿಗೆ ಗೊತ್ತು ಮಾಡಿಕೊಂಡ ಸೀಟಿಯ ಸದ್ದು ಇವಕ್ಕೆ ಪರವಾನಗಿ ಬೇಡ. ತೊಗರಿ ಮಾರಿದ ಹಣವನ್ನು ಬ್ಯಾಂಕಿನ ಖಾತೆಗೇ ಜಮಾ ಮಾಡಿಸಿರಿ. ಧಾರಣೆಗಾಗಿ ಕಾಯುವವರು ಮಾಲನ್ನು ಉಗ್ರಾಣದಲ್ಲಿಟ್ಟು ರಸೀದಿಯ ಮೇಲೆ ಸಾಲ ಪಡೆಯಬಹುದು. ಜಾತ್ರೆಗೆಂದು ಮನೆಗೆ ಬೀಗ ಹಾಕಿ ಹೊರಡುವವರು ಬಂಗಾರವನ್ನೂ ಆಯುಧವನ್ನೂ ಮನೆಯಲ್ಲಿ ಬಿಟ್ಟು ಹೋಗಬಾರದು. ಅಪಾಯ ಕಂಡೊಡನೆ 112ಕ್ಕೆ ಫೋನು ಮಾಡಿರಿ, ಮನೆಮಂದಿಯನ್ನೆಲ್ಲ ಒಂದೇ ಕೋಣೆಗೆ ಸೇರಿಸಿ ಬಾಗಿಲು ಹಾಕಿರಿ. ಕತ್ತಲಲ್ಲಿ ಸದ್ದು ಮಾಡಿದವನು ನೀರು ಬಿಟ್ಟು ಬಂದ ಮಗನೇ ಆಗಿರಬಹುದು. ದನಿ ಮಾಡಿ ಕೇಳದೆ, ದೀಪ ಹಾಕಿ ಮುಖ ನೋಡದೆ ಆಯುಧ ಎತ್ತಬೇಡಿರಿ.

ಹೇಳಲೇಬೇಕಾದ ಇನ್ನೊಂದು ಮಾತಿದೆ. ಬೆಳೆ ಕೈಕೊಟ್ಟು, ಸಾಲ ಏರಿ, ಮನೆಯಲ್ಲಿ ಯಾರಾದರೂ ಮಾತು ಬಿಟ್ಟು ಕುಳಿತಿದ್ದರೆ, ಇಲ್ಲವೆ ಅಣ್ಣತಮ್ಮಂದಿರಲ್ಲಿ ಪಾಲಿನ ಜಗಳ ಕಾವೇರಿದ್ದರೆ, ಆ ದಿನಗಳಲ್ಲಿ ರಿವಾಲ್ವರ್ ಮನೆಯಲ್ಲಿ ಇರಬಾರದು. ಪೊಲೀಸ್ ಠಾಣೆಯಲ್ಲಿ ಅಥವಾ ಪರವಾನಗಿ ಇರುವ ವ್ಯಾಪಾರಿಯ ಬಳಿ ಠೇವಣಿ ಇಟ್ಟು ರಸೀದಿ ಪಡೆಯಲು ಕಾನೂನಿನಲ್ಲಿ ಅವಕಾಶವಿದೆ. ಚುನಾವಣೆಯ ಕಾಲದಲ್ಲಿ ಆದೇಶ ಬಂದರೆ ಒಪ್ಪಿಸುವುದಿಲ್ಲವೆ? ಮನೆಯ ಕಷ್ಟಕಾಲದಲ್ಲಿ ತಾವಾಗಿಯೇ ಒಪ್ಪಿಸುವುದರಲ್ಲಿ ಅವಮಾನವೇನೂ ಇಲ್ಲ. ಕೀಟನಾಶಕದ ಡಬ್ಬಿಗೂ ಆ ದಿನಗಳಲ್ಲಿ ಬೀಗವಿರಲಿ.

ರಿವಾಲ್ವರ್ ಇರುವ ಮನೆಯವರು ಈ ಸಲ ರಾಶಿಗೆ ಮುಂಚೆ ಒಂದು ಹಗಲು ಬಿಡುವು ಮಾಡಿಕೊಳ್ಳಿರಿ. ಪರವಾನಗಿಯ ಅವಧಿ ನೋಡಿರಿ. ನಳಿಗೆಯ ಅಚ್ಚನ್ನೂ ತೋಟಾದ ಅಚ್ಚನ್ನೂ ಕೂಡಿಸಿ ಓದಿರಿ. ಕಿಲುಬು ಹಿಡಿದದ್ದನ್ನು ಬೇರ್ಪಡಿಸಿರಿ. ಪೆಟ್ಟಿಗೆಯನ್ನು ಕೊಟ್ಟಿಗೆಯಿಂದಲೂ ಗೊಬ್ಬರದಿಂದಲೂ ದೂರಕ್ಕೆ ಸರಿಸಿರಿ. ಆಮೇಲೆ ಪಡಸಾಲೆಯಲ್ಲಿ ನಿಂತು ನಾಲ್ಕೂ ಗೋಡೆಗಳತ್ತ ನೋಡಿರಿ: ಕಲ್ಲು ಎಲ್ಲಿ, ತಗಡು ಎಲ್ಲಿ, ಅದರಾಚೆ ಮಲಗುವವರು ಯಾರು. ಯಾವ ದಿಕ್ಕಿಗೂ ನಿರ್ಭಯವಾಗಿ ಗುಂಡು ಹಾರಿಸಲಾಗದು ಎಂದು ಕಂಡರೆ, ಮುಂದಿನ ಖರ್ಚು ತೋಟಾದ ಪೆಟ್ಟಿಗೆಗೆ ಬೇಡ, ಬಾಗಿಲಿನ ಅಗಳಿಗೆ ಆಗಲಿ.